ಕ್ಯಾಂಪಿಗೆ ಹೋದವರು, ಹುಡೇವು ಕಾದವರು

ನಮ್ಮ ಕಡೆ ಯಾರಾದರೂ ‘ಕ್ಯಾಂಪಿಗೆ ಹೋಗಿದ್ದೆ’ ಅಂದರೆ ಯಾವ ಕ್ಯಾಂಪು ಅಂತ ತಿರುಗಿ ಕೇಳಬೇಕಾಗುತ್ತದೆ. ಸಿಂಧನೂರಿನ ಸುತ್ತ ಕಾಲುವೆ ಗುಂಟ ಇರುವ ಎಷ್ಟೋ ಊರುಗಳಿಗೆ ಕ್ಯಾಂಪ್ ಅಂತಲೇ ಹೆಸರು. ತುಂಗಭದ್ರೆಯ ನೀರು ಬಂದಾಗ ಆಂಧ್ರದ ಕಡೆಯ ರೈತರು ಬಂದು, ಗುಡಿಸಲು ಹಾಕಿ, ಹೊಲ ಸಮ ಮಾಡಿ ಕಟ್ಟಿಕೊಂಡ ಊರುಗಳವು. ಇನ್ನೊಂದು ಆರ್‌ಎಚ್ ಕ್ಯಾಂಪು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ 1970ರ ದಶಕದಲ್ಲಿ ಸರ್ಕಾರ ತೋರಿಸಿದ ನೆಲೆ ಅದು. ಅಲ್ಲಿ ಇವತ್ತಿಗೂ ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ. ಮೂರನೆಯ ಕ್ಯಾಂಪು ಈಗ ಯಾವ ನಕ್ಷೆಯಲ್ಲೂ ಇಲ್ಲ. ಅದು ನಮ್ಮ ಅಜ್ಜಿಯ ಬಾಯಲ್ಲಿತ್ತು.

‘ನಿಮ್ಮ ದೊಡ್ಡಜ್ಜ ಕ್ಯಾಂಪಿಗೆ ಅಂತ ಹೋದಾವ ಹನ್ನೊಂದು ತಿಂಗಳು ಮನಿ ಕಡೆ ಮಾರಿ ಹಾಕಲಿಲ್ಲ ನೋಡಪಾ’ ಅನ್ನುತ್ತಿದ್ದಳು. ಆ ಮಾತಿನಲ್ಲಿ ಹೆಮ್ಮೆ ಎಷ್ಟು, ಸಿಟ್ಟು ಎಷ್ಟು ಅನ್ನುವುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತಮೂರು ವರ್ಷ ಸಮಾಜ ವಿಜ್ಞಾನ ಹೇಳಿ ನಿವೃತ್ತನಾದವನು. ಮನೆ ಲಿಂಗಸುಗೂರಿನಲ್ಲಿ, ಹುಟ್ಟಿದ್ದು ಮಸ್ಕಿ ಕಡೆಯ ಒಂದು ಹಳ್ಳಿಯಲ್ಲಿ, ಎರಡು ಎಕರೆ ಗದ್ದೆ ಸಿಂಧನೂರು ತಾಲ್ಲೂಕಿನ ಕಾಲುವೆಯ ಕೊನೆಭಾಗದಲ್ಲಿ. ಮೂರೂ ಊರು ಒಂದೇ ಹೆದ್ದಾರಿಯ ಮೇಲಿವೆ. ಈ ತುದಿಯಿಂದ ಆ ತುದಿಗೆ ಸುಮಾರು 60 ಕಿಲೋಮೀಟರ್. ವರ್ಷಕ್ಕೊಮ್ಮೆ, ಸೆಪ್ಟೆಂಬರ್ 17ಕ್ಕೆ, ಯಾವುದಾದರೂ ಶಾಲೆಯೋ ಕಾಲೇಜೋ ನನ್ನನ್ನು ಭಾಷಣಕ್ಕೆ ಕರೆಯುತ್ತದೆ. ಈ ಸಲ ಸಿಂಧನೂರಿನಿಂದ ಕರೆ ಬಂತು. ‘ಸ್ವಾತಂತ್ರ್ಯದ ಬೆಲೆ ಅನ್ನೋ ವಿಷಯದ ಮ್ಯಾಲ ಮಾತಾಡ್ರಿ ಸರ್’ ಅಂದರು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಬೆಲೆ ಅಂದಮೇಲೆ ಕೊಟ್ಟವರು ಯಾರು, ಎಷ್ಟು ಕೊಟ್ಟರು, ಬಾಕಿ ಏನಾದರೂ ಉಳಿದಿದೆಯೋ ಅಂತ ಹೇಳಬೇಕಲ್ಲ.

399 ದಿನ

ಹೊರಗಿನ ಓದುಗರಿಗೆ ಮೊದಲು ಒಂದು ಸಂಗತಿ ಹೇಳಬೇಕು. 1947ರ ಆಗಸ್ಟ್ 15ರಂದು ನಮಗೆ ಸ್ವಾತಂತ್ರ್ಯ ಬರಲಿಲ್ಲ. ಬೀದರ್, ಕಲಬುರಗಿ, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದ ಮೂರು ಕನ್ನಡ ಜಿಲ್ಲೆಗಳು. ಈಗಿನ ಕೊಪ್ಪಳ ರಾಯಚೂರಿನೊಳಗೆ ಇತ್ತು, ಯಾದಗಿರಿ ಕಲಬುರಗಿಯೊಳಗೆ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತಾನು ಯಾರ ಜೊತೆಗೂ ಸೇರುವುದಿಲ್ಲ, ಸ್ವತಂತ್ರನಾಗಿ ಉಳಿಯುತ್ತೇನೆ ಎಂದು ಆ ವರ್ಷದ ಜೂನ್‌ನಲ್ಲೇ ಸಾರಿದ್ದ. ಪಶ್ಚಿಮಕ್ಕೆ ಇಳಕಲ್ಲು, ಗಜೇಂದ್ರಗಡ ಮುಂಬೈ ಪ್ರಾಂತ್ಯದವು. ಅಲ್ಲಿ ಬಾವುಟ ಏರಿತು, ಸಿಹಿ ಹಂಚಿದರು. ಮುದಗಲ್ಲಿನ ಈಚೆಗೆ ಅದೇ ಬಾವುಟ ಹಿಡಿದರೆ ಜೈಲು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರನ್ನು ಅದೇ ಆಗಸ್ಟ್ 15ರಂದು ಬಂಧಿಸಿದರು. ಅವತ್ತಿನಿಂದ 1948ರ ಸೆಪ್ಟೆಂಬರ್ 17ರವರೆಗೆ ಎಣಿಸಿದರೆ 399 ದಿನ. ದೇಶ ಒಂದು ವರುಷದ ಹಬ್ಬ ಮುಗಿಸಿ ಎರಡನೆಯದನ್ನೂ ಆಚರಿಸಿ ತಿಂಗಳಾದ ಮೇಲೆ ನಮ್ಮ ಸರದಿ ಬಂತು.

ಬಿಗಿ ಅದಕ್ಕೂ ಹಿಂದಿನದು. ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ ಇತ್ತು. ಅಪ್ಪಣೆ ಇಲ್ಲದೆ ಸಾರ್ವಜನಿಕ ಸಭೆ ನಡೆಸುವಂತಿರಲಿಲ್ಲ. ಕಚೇರಿಯ ಭಾಷೆ ಉರ್ದು. ರೈತನಿಗೆ ತನ್ನ ಹೊಲದ ಕಾಗದ ತಾನೇ ಓದಲು ಬರುತ್ತಿರಲಿಲ್ಲ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ‘ಹಮ್‌ದರ್ದ್’ ಶಾಲೆ ತೆಗೆದದ್ದು ಇಂಥ ಕಾಲದಲ್ಲಿ. ಕೊನೆಗೆ ಅವರೂ ನಿಜಾಮನ ಸೀಮೆ ದಾಟಿ ತುಂಗಭದ್ರಾ ಎಂಬ ಹಳ್ಳಿಯಲ್ಲಿ ಆಶ್ರಮ ಕಟ್ಟಬೇಕಾಯಿತು.

ನಾನಿರುವ ಲಿಂಗಸುಗೂರಿಗೂ ಇಂಥ ನೆನಪಿದೆ. 1905ರವರೆಗೆ ಇದು ಜಿಲ್ಲಾ ಕೇಂದ್ರ. ಅದಕ್ಕೂ ಮುಂಚೆ ದಂಡಿನ ಠಾಣೆ. ಹಳಬರು ಈಗಲೂ ಪೇಟೆಗೆ ‘ಛಾವಣಿ’ ಅನ್ನುತ್ತಾರೆ, ಹಳೆಯ ಊರಿಗೆ ‘ಕಸಬಾ’. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ದಂಡು ಹೊರಟಿದ್ದು ಇದೇ ಛಾವಣಿಯಿಂದ. ನಮ್ಮ ಊರು ಸ್ವಾತಂತ್ರ್ಯವನ್ನು ಎರಡೂ ದಿಕ್ಕಿನಿಂದ ಕಂಡಿದೆ: ತುಳಿಯಲು ಹೊರಟ ದಂಡೂ ಇಲ್ಲಿಯದೇ, ತುಳಿಸಿಕೊಂಡ ಜನವೂ ಇಲ್ಲಿಯವರೇ. ಅದನ್ನು ನೆನಪಿನಲ್ಲಿ ಇಟ್ಟುಕೊಂಡೇ ನಾನು ಪಾಠ ಹೇಳುತ್ತಿದ್ದೆ.

1947ರ ನವೆಂಬರ್ 29ಕ್ಕೆ ಭಾರತ ಸರ್ಕಾರವೂ ನಿಜಾಮನೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ಕಾಗದದ ಮೇಲೆ ಶಾಂತಿ. ಹಳ್ಳಿಗಳಲ್ಲಿ ರಜಾಕಾರರು. ಲಾತೂರಿನ ವಕೀಲ ಕಾಸಿಂ ರಜ್ವಿ ಮುನ್ನಡೆಸುತ್ತಿದ್ದ ಈ ಖಾಸಗಿ ಪಡೆಗೆ ಪೊಲೀಸರ ಬೆಂಬಲ ಇತ್ತು, ಕೇಳುವವರು ಇರಲಿಲ್ಲ. ಬೀದರ್ ಕಡೆಯ ಗೋರಟಾದಲ್ಲಿ 1948ರಲ್ಲಿ ನಡೆದ ಕಗ್ಗೊಲೆಯ ಸುದ್ದಿ ಬಾಯಿಂದ ಬಾಯಿಗೆ ನಮ್ಮ ಹಳ್ಳಿಗೂ ಬಂತಂತೆ. ಸುದ್ದಿ ಬಂದ ರಾತ್ರಿ ಊರಲ್ಲಿ ಯಾರ ಮನೆಯಲ್ಲೂ ಒಲೆ ಉರಿಯಲಿಲ್ಲ ಅನ್ನುತ್ತಿದ್ದಳು ಅಜ್ಜಿ. ಹೊಗೆ ಕಂಡರೆ ಮನೆ ಇದೆ ಅಂತ ಗೊತ್ತಾಗುತ್ತದಲ್ಲ, ಅದಕ್ಕೆ.

ಎತ್ತು ಮಾರಿ ಹೋದವನು

ದೊಡ್ಡಜ್ಜ, ಅಂದರೆ ನಮ್ಮಜ್ಜನ ಅಣ್ಣ, ಹೋದದ್ದು ಗಜೇಂದ್ರಗಡದ ಕ್ಯಾಂಪಿಗೆ. ಗಡಿಯ ಆಚೆ, ಭಾರತದ ನೆಲದಲ್ಲಿ, ಇಂಥ ಶಿಬಿರಗಳು ಹುಟ್ಟಿಕೊಂಡಿದ್ದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂದಾಳು, ಗಜೇಂದ್ರಗಡದ್ದಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ. ಹಗಲು ಕವಾಯತು, ರಾತ್ರಿ ಗಡಿ ದಾಟಿ ಕರೋಡಗಿರಿ ನಾಕಾಗಳ ಮೇಲೆ ದಾಳಿ. ಕರೋಡಗಿರಿ ಅಂದರೆ ನಿಜಾಮನ ಸುಂಕದ ಕಟ್ಟೆ. ಅದನ್ನು ಮುರಿದರೆ ಸರ್ಕಾರದ ಬೊಕ್ಕಸಕ್ಕೂ ಪೆಟ್ಟು, ಗಡಿ ಎಂಬ ಹೆದರಿಕೆಗೂ ಪೆಟ್ಟು. ಹೆಂಡದ ಉತ್ಪನ್ನ ನಿಲ್ಲಿಸಲು ಈಚಲ ಮರ ಕಡಿಯುವುದು, ಸರ್ಕಾರ ಎತ್ತುವ ಲೆವಿ ಕಾಳು ಕೊಡಬೇಡಿರೆಂದು ಹಳ್ಳಿಗರಿಗೆ ಹೇಳುವುದು, ಇವೂ ಹೋರಾಟದ ಕೆಲಸಗಳೇ.

ಇಷ್ಟು ಪುಸ್ತಕದಲ್ಲಿ ಸಿಗುತ್ತದೆ. ಸಿಗದೆ ಇರುವುದು ಮನೆಯ ಖರ್ಚು. ದೊಡ್ಡಜ್ಜ ಹೋಗುವಾಗ ಒಂದು ಜೊತೆ ಎತ್ತು ಮಾರಿದ. ಹಣ ಹಾಲಿ ರೂಪಾಯಿಯಲ್ಲಿ ಬಂತು. ಹಾಲಿ ಅಂದರೆ ನಿಜಾಮನ ನಾಣ್ಯ. ಗಡಿ ದಾಟಿದರೆ ಅದಕ್ಕೆ ಕಿಮ್ಮತ್ತು ಕಡಿಮೆ, ಅಲ್ಲಿ ಕಲ್ದಾರ ರೂಪಾಯಿ ನಡೆಯುತ್ತಿತ್ತು. ಬದಲಿಸುವಾಗಲೇ ಎತ್ತಿನ ಒಂದು ಕಾಲು ಹೋಯಿತು ಅಂತ ನಮ್ಮಜ್ಜ ನಗುತ್ತಿದ್ದ. ಎತ್ತು ಇಲ್ಲದ ಮನೆ ಆ ವರ್ಷ ಮುಯ್ಯಾಳಿನ ಮೇಲೆ ಬಿತ್ತಿತು. ಹದ ತಪ್ಪಿ ಬಿತ್ತಿದ ಬಿಳಿಜೋಳ ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿತು. ದೊಡ್ಡಜ್ಜಿ ಎರಡು ಮಕ್ಕಳನ್ನು ಕಟ್ಟಿಕೊಂಡು ಬೇರೆಯವರ ಹೊಲಕ್ಕೆ ಕಳೆ ಕೀಳಲು ಹೋದಳು. ‘ನಿನ್ನ ಗಂಡ ಎಲ್ಲೇ’ ಅಂತ ಪೊಲೀಸರು ಕೇಳಿದಾಗಲೆಲ್ಲ ‘ಗುಳೆ ಹೋಗ್ಯಾನ್ರಿ’ ಅನ್ನಬೇಕಿತ್ತು. ಬರಗಾಲದಲ್ಲಿ ಊರು ಬಿಡುವುದಕ್ಕೆ ನಮ್ಮಲ್ಲಿ ಗುಳೆ ಅನ್ನುತ್ತಾರೆ. ಸುಳ್ಳೇನೂ ಅಲ್ಲ ಬಿಡಿ.

ಭಾಷಣಗಳಲ್ಲಿ ತ್ಯಾಗ ಅನ್ನುವ ಮಾತು ಯಾವಾಗಲೂ ಹೋದವನ ಹೆಗಲ ಮೇಲೆ ಶಾಲಿನ ಹಾಗೆ ಬೀಳುತ್ತದೆ. ಉಳಿದವಳ ಕೈಯ ಕಳೆಗುದ್ದಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದೆ ಹೋರಾಟಗಾರರ ಪಿಂಚಣಿ ಬಂದಾಗ ದೊಡ್ಡಜ್ಜ ಅರ್ಜಿ ಹಾಕಿದ. ಒಂದು ಕಚೇರಿಯಲ್ಲಿ ಜೈಲಿನ ದಾಖಲೆ ಕೇಳಿದರು. ‘ನಾನು ಸಿಗಲೇ ಇಲ್ಲ ಸಾಹೇಬ್ರ, ಸಿಕ್ಕಿದ್ರ ದಾಖಲಿ ಇರತಿತ್ತು’ ಅಂದನಂತೆ. ಫೈಲು ಅಲ್ಲಿಗೇ ನಿಂತಿತು. ಅವನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಂಡವಳು ದೊಡ್ಡಜ್ಜಿ. ‘ನನಗ ಯಾರ ಪಿಂಚಣಿ ಕೊಡತಾರ?’ ಅಂತ ಒಂದೇ ಸಲ ಕೇಳಿದ್ದಳು. ಮನೆಯಲ್ಲಿ ಆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಮೇಲೆ ಹುಡೇವು, ಕೆಳಗೆ ಹಗೇವು

ತಮ್ಮ, ಅಂದರೆ ನಮ್ಮಜ್ಜ, ಎಲ್ಲಿಗೂ ಹೋಗಲಿಲ್ಲ. ಅವನು ಹುಡೇವು ಕಾದ.

ನಮ್ಮ ಸೀಮೆಯ ಹಳೆಯ ಹಳ್ಳಿಗಳಲ್ಲಿ ಹುಡೇವು ನೋಡಿರುತ್ತೀರಿ. ಕಲ್ಲು ಮಣ್ಣಿನ ಗುಂಡನೆಯ ಬುರುಜು, ಮೇಲೆ ನಿಂತರೆ ನಾಲ್ಕು ದಿಕ್ಕಿನ ದಾರಿ ಕಾಣುವಂಥದ್ದು. ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ದೋಆಬಿನ ಮೇಲೆ ವಿಜಯನಗರ, ಬಹಮನಿ, ಆದಿಲಶಾಹಿ ಎಲ್ಲ ದಂಡುಗಳೂ ಓಡಾಡಿವೆ. ರಾಜರಿಗೆ ಮುದಗಲ್ಲಿನಂಥ ಕೋಟೆ, ರೈತರಿಗೆ ಹುಡೇವು. 1948ರ ಹೊತ್ತಿಗೆ ನಮ್ಮೂರಿನದರ ಮೇಲೆ ಬೇವಿನ ಗಿಡ ಹುಟ್ಟಿತ್ತು, ಆಡು ಮೇಯುತ್ತಿದ್ದವು. ರಜಾಕಾರರ ಸುದ್ದಿ ಬಂದ ಮೇಲೆ ಊರವರು ಸೇರಿ ಮೆಟ್ಟಿಲು ತೆರವು ಮಾಡಿದರು. ರಾತ್ರಿಗೆ ನಾಲ್ಕು ಜನ, ಎರಡು ಪಾಳಿ. ಮೇಲೆ ಒಂದು ರಾಶಿ ಗುಂಡುಗಲ್ಲು, ಎರಡು ಕವಣೆ, ಒಂದು ಹಲಗೆ. ಹಲಗೆ ಒಂದೇ ಸಮ ಬಡಿದರೆ ಹೆಂಗಸರು ಮಕ್ಕಳು ಊರಾಚೆಯ ಗುಡ್ಡಕ್ಕೆ. ಬಿಟ್ಟು ಬಿಟ್ಟು ಬಡಿದರೆ ಏನಿಲ್ಲ, ಮಲಗಿ ಅಂತ. ಬಂದೂಕು ಇರಲಿಲ್ಲ. ಎದುರಿಸುವುದಕ್ಕಲ್ಲ, ತಿಳಿಯುವುದಕ್ಕೆ ಇದ್ದ ಕಾವಲು ಅದು. ಅರ್ಧ ತಾಸು ಮೊದಲು ಗೊತ್ತಾದರೆ ಜೀವ ಉಳಿಯುತ್ತಿತ್ತು, ಅಷ್ಟೇ.

ಕಾಳು ಉಳಿಸಿದ್ದು ಹಗೇವು. ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿಗೆ ಕಲ್ಲು ಮುಚ್ಚಿ, ಮೇಲೆ ತಿಪ್ಪೆ ಎಳೆದು, ಅದರ ಮೇಲೆ ಎಮ್ಮೆ ಕಟ್ಟಿದ್ದರು. ಲೆವಿಯವರು ಬಂದರೂ, ರಜಾಕಾರರು ಬಂದರೂ ಎಮ್ಮೆ ಕಾಣಬೇಕು, ಜೋಳ ಕಾಣಬಾರದು. ಹಗೇವಿಗೆ ಒಂದು ನಿಯಮ ಇದೆ. ಬಹಳ ದಿನ ಮುಚ್ಚಿದ್ದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆಗೆದ ಕೂಡಲೇ ಇಳಿದವನು ಮೇಲೆ ಬರುವುದಿಲ್ಲ. ಮೊದಲು ದೀಪ ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಕಾಯಬೇಕು, ಉರಿದರೆ ಇಳಿಯಬೇಕು. ಹಸಿದ ಹೊಟ್ಟೆಗೆ ಆ ಕಾಯುವಿಕೆ ಬಹಳ ಕಷ್ಟ ಅನ್ನುತ್ತಿದ್ದಳು ಅಜ್ಜಿ. ಕೆಳಗೆ ಜೋಳ ಇದೆ ಅಂತ ಗೊತ್ತು, ಮಕ್ಕಳು ಅಳುತ್ತಿವೆ, ದೀಪ ಮಾತ್ರ ಮತ್ತೆ ಮತ್ತೆ ಆರುತ್ತಿದೆ.

ಗೆದ್ದ ಮೇಲಿನ ರಾತ್ರಿಗಳು

1948ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಭಾರತದ ಸೇನೆ ಸಂಸ್ಥಾನದೊಳಗೆ ಬಂತು. ಮುಖ್ಯ ಪಡೆ ಸೊಲ್ಲಾಪುರದ ದಿಕ್ಕಿನಿಂದ, ಇನ್ನೊಂದು ವಿಜಯವಾಡದಿಂದ. ನಮ್ಮ ದಕ್ಷಿಣಕ್ಕೆ ಹೊಸಪೇಟೆಯ ಕಡೆಯಿಂದಲೂ ಒಂದು ತುಕಡಿ. ನಾಲ್ಕೈದು ದಿನಕ್ಕೆ ಮುಗಿಯಿತು. 17ಕ್ಕೆ ನಿಜಾಮ ಸೋಲೊಪ್ಪಿದ, ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದ. ಕಾಗದದಲ್ಲಿ ‘ಆಪರೇಷನ್ ಪೋಲೋ’, ಜನರ ಬಾಯಲ್ಲಿ ‘ಪೊಲೀಸ್ ಆ್ಯಕ್ಷನ್’.

ನನ್ನ ಭಾಷಣ ಮೊದಮೊದಲು ಇಲ್ಲಿಗೆ ಮುಗಿಯುತ್ತಿತ್ತು. ಚಪ್ಪಾಳೆ ಬೀಳುವುದು ಇಲ್ಲಿಯೇ. ಅಜ್ಜಿಯ ಕತೆ ಮಾತ್ರ ಇಲ್ಲಿಗೆ ಮುಗಿಯುತ್ತಿರಲಿಲ್ಲ.

ಊರಿನಲ್ಲಿ ಎರಡು ಪಿಂಜಾರರ ಮನೆ ಇದ್ದವು. ಹತ್ತಿ ಹಿಂಜಿ ಗಾದಿ ಹೊಲಿಯುವವರು. ಮೊಹರಮ್ಮಿನಲ್ಲಿ ಅಲಾಯಿ ದೇವರನ್ನು ಅವರು ಕೂಡಿಸಿದರೆ ಹೆಜ್ಜೆ ಹಾಕುವವರೆಲ್ಲ ನಮ್ಮವರೇ. ನಮ್ಮಜ್ಜ ಅದರಲ್ಲಿ ಮುಂದು. ಮುದಗಲ್ಲಿನ ಮೊಹರಂ ನೋಡಿದವರಿಗೆ ನಮ್ಮ ಸೀಮೆಯಲ್ಲಿ ಇದು ಹೊಸತಲ್ಲ ಅಂತ ಗೊತ್ತು. ಸೆಪ್ಟೆಂಬರ್ 17 ಆಗಿ ಎರಡು ದಿನಕ್ಕೆ ಸುದ್ದಿ ಬಂತು. ಬೇರೆ ಊರಿನ ಗುಂಪೊಂದು ತುರುಕರ ಮನೆಗಳನ್ನು ಹುಡುಕಿಕೊಂಡು ಹೊರಟಿದೆ ಅಂತ. ಅವತ್ತು ರಾತ್ರಿ ಅಜ್ಜ ಕಂಬಳಿ ಹೊದ್ದು ಮತ್ತೆ ಹುಡೇವಿಗೆ ಹೊರಟ. ‘ಇನ್ನ ಯಾರನ್ನ ಕಾಯಾಕ ಹೊಂಟಿ? ನಿಜಾಮನ ಮುಗದ್ನಲ್ಲ’ ಅಂದಳು ಅಜ್ಜಿ. ‘ಇಷ್ಟು ದಿನ ಹೊರಗ ಮಾರಿ ಮಾಡಿ ಕುಂತಿದ್ದೆ. ಇವತ್ತಿನಿಂದ ಊರ ಕಡೆ ಮಾರಿ ಮಾಡಿ ಕುಂದ್ರಬೇಕು’ ಅಂದ.

ಎಂಟು ರಾತ್ರಿ ಕೂತ. ಪಿಂಜಾರರ ಮನೆಯವರು ನಮ್ಮ ದನದ ಕೊಟ್ಟಿಗೆಯಲ್ಲಿ ಮಲಗಿದರು. ಗುಂಪು ಬರಲಿಲ್ಲ, ಅಥವಾ ಹುಡೇವಿನ ಮೇಲೆ ಬೆಂಕಿ ಕಂಡು ಹಾಗೇ ಮುಂದೆ ಹೋಯಿತು. ನಮ್ಮೂರು ಉಳಿಯಿತು. ಎಲ್ಲ ಊರುಗಳೂ ಹೀಗೆ ಉಳಿಯಲಿಲ್ಲ. 1948ರ ಕೊನೆಗೆ ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಜಿಲ್ಲೆ ಜಿಲ್ಲೆ ತಿರುಗಿ, ಪೊಲೀಸ್ ಆ್ಯಕ್ಷನ್ ಸಮಯದಲ್ಲಿ ಮತ್ತು ಆಮೇಲೆ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಕಲಬುರಗಿ, ಬೀದರ್ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಇತ್ತು. ಇನ್ನೊಂದು ಮಾತನ್ನೂ ಸೇರಿಸಲೇಬೇಕು. ಸಂಸ್ಥಾನ ಭಾರತದಲ್ಲಿ ವಿಲೀನವಾಗಲಿ ಎಂದು ಉರ್ದುವಿನಲ್ಲಿ ಬರೆದು, ಅದಕ್ಕಾಗಿ 1948ರ ಆಗಸ್ಟ್‌ನಲ್ಲಿ ರಜಾಕಾರರ ಕೈಯಲ್ಲಿ ಹತನಾದವನು ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್.

ನಾನು ಹೇಳಬೇಕಾದ್ದು ಇಷ್ಟೇ. ತ್ಯಾಗ ಸ್ವಾತಂತ್ರ್ಯವನ್ನು ತರುತ್ತದೆ, ಕಾವಲು ಉಳಿಸುತ್ತದೆ. ಕಾವಲಿನಲ್ಲಿಯೂ ಹೊರಗೆ ಮುಖ ಮಾಡಿ ಕೂರುವುದು ಸುಲಭ. ನಮ್ಮವರ ಕಡೆ, ನಮ್ಮ ಕಡೆಯೇ, ಮುಖ ಮಾಡಿ ಎಚ್ಚರ ಇರುವುದು ಕಷ್ಟ. ಅದಕ್ಕೆ ಹಾರ ಹಾಕುವವರಿಲ್ಲ.

ಕಲ್ಲಿನ ಮೇಲಿನ ಮಾತು

ಬಸ್ಸು ಮಸ್ಕಿಗೆ ಬಂದರೆ ಬೆಟ್ಟ ಕಾಣುತ್ತದೆ. ಅಲ್ಲೊಂದು ಬಂಡೆಯ ಮೇಲೆ ಅಶೋಕನ ಶಾಸನ ಇದೆ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಅದನ್ನು ಕಂಡ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳಷ್ಟೇ ಇದ್ದವು. ಇಲ್ಲಿ ಅಶೋಕ ಅಂತ ಹೆಸರೇ ಸಿಕ್ಕಿತು. ಪರೀಕ್ಷೆಗೆ ಕೇಳುವುದು ಇಷ್ಟೇ, ಹುಡುಗರು ಬಾಯಿಪಾಠ ಮಾಡುವುದೂ ಇಷ್ಟೇ. ಆ ಶಾಸನ ಹೇಳುವ ವಿಷಯ ಯಾರೂ ಕೇಳುವುದಿಲ್ಲ. ಅದರ ತಿರುಳು ಹೀಗಿದೆ: ಈ ಗುರಿ ದೊಡ್ಡವರಿಗೆ ಮಾತ್ರ ಸಾಧ್ಯ ಅಂದುಕೊಳ್ಳಬೇಡಿ, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಸಾಧ್ಯ, ಇಬ್ಬರಿಗೂ ಇದನ್ನು ಹೇಳಿರಿ, ಹಾಗೆ ನಡೆದರೆ ಇದು ಬಹುಕಾಲ ಉಳಿದು ಒಂದೂವರೆ ಪಟ್ಟು ಬೆಳೆಯುತ್ತದೆ. ಚಕ್ರವರ್ತಿ ನೂರು ಪಟ್ಟು ಅನ್ನಲಿಲ್ಲ, ಒಂದೂವರೆ ಅಂದ. ಲೆಕ್ಕ ಬಲ್ಲ ಮನುಷ್ಯ.

ಈ ‘ಸಣ್ಣವರ’ ಕಾವಲನ್ನು ಅದೇ ಮಸ್ಕಿ ತಾಲ್ಲೂಕಿನಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. 2020ರ ನವೆಂಬರ್‌ನಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಟೆಂಟು ಹಾಕಿ ಕೂತರು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ನಮಗೂ ಬೇಕು ಎಂಬುದು ಬೇಡಿಕೆ. ನೂರು ದಿನ ದಾಟಿತು. ಒಂದು ದಿನ ಈ ಊರಿನವರು, ಮರುದಿನ ಆ ಊರಿನವರು, ರೊಟ್ಟಿ ಕಟ್ಟಿಕೊಂಡು ಪಾಳಿಯ ಮೇಲೆ ಬಂದು ಕೂಡುತ್ತಿದ್ದರು. ಟೆಂಟಿನಲ್ಲಿ ಕೂತಿದ್ದ ಒಬ್ಬ ಮುದುಕಿಯನ್ನು ‘ನೀರು ಬರತೈತೇನಬೇ?’ ಅಂತ ಕೇಳಿದೆ. ‘ಬರೂದು ಬಿಡೂದು ಅವರ ಕೈಯಾಗ. ಕುಂದ್ರೂದು ನಮ್ಮ ಕೈಯಾಗ’ ಅಂದಳು.

ಎಚ್ಚರವೇ ಸ್ವಾತಂತ್ರ್ಯದ ಬೆಲೆ ಎಂಬ ಮಾತು ನಮ್ಮ ಶಾಲೆಯ ಗೋಡೆಯ ಮೇಲೂ ಇತ್ತು, ಕೆಳಗೆ ಅಮೆರಿಕದ ಥಾಮಸ್ ಜೆಫರ್‌ಸನ್ ಹೆಸರು. ಆಮೇಲೆ ಓದಿದರೆ, ಅವರ ಬರಹಗಳಲ್ಲಿ ಆ ಮಾತು ಸಿಕ್ಕಿಯೇ ಇಲ್ಲ. ಹತ್ತಿರದ ಮಾತು ಆಡಿದವನು ಐರ್ಲೆಂಡಿನ ವಕೀಲ ಜಾನ್ ಫಿಲ್ಪಾಟ್ ಕರನ್, 1790ರಲ್ಲಿ, ಡಬ್ಲಿನ್ ನಗರದ ಮೇಯರ್ ಆಯ್ಕೆಯ ತಕರಾರಿನಲ್ಲಿ. ಒಂದು ಊರಿನ ನಗರಸಭೆಯ ಜಗಳದಲ್ಲಿ ಹುಟ್ಟಿದ ಮಾತು ಎಂಬುದೇ ನನಗೆ ಇಷ್ಟವಾದದ್ದು. ನಮ್ಮವರೇ ಆದ ಡಾ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಇದನ್ನೇ ಬೇರೆ ರೀತಿಯಲ್ಲಿ ಎಚ್ಚರಿಸಿದರು. ಎಷ್ಟೇ ದೊಡ್ಡ ಮನುಷ್ಯನಾಗಲಿ, ಅವನ ಪಾದಕ್ಕೆ ನಿಮ್ಮ ಸ್ವಾತಂತ್ರ್ಯ ಒಪ್ಪಿಸಬೇಡಿ, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರದ ದಾರಿ ಅಂದರು.

ನಮ್ಮ ಭಾಗಕ್ಕೆ ಸಿಕ್ಕಿದ್ದೆಲ್ಲ ಕೂತು ಕೇಳಿದವರಿಂದಲೇ ಸಿಕ್ಕಿದೆ. 1956ರ ನವೆಂಬರ್ 1ಕ್ಕೆ ನಾವು ಕನ್ನಡ ರಾಜ್ಯ ಸೇರಿದೆವು. ಹಿಂದುಳಿದ ಹಣೆಪಟ್ಟಿ ಅಳಿಸಲು ಸಂವಿಧಾನದ 98ನೇ ತಿದ್ದುಪಡಿಯಲ್ಲಿ 371(ಜೆ) ಬರುವ ಹೊತ್ತಿಗೆ 2012 ಮುಗಿಯುತ್ತಿತ್ತು. ಅದರ ಹಿಂದೆ ವೈಜನಾಥ ಪಾಟೀಲರಂಥವರ ವರ್ಷಗಟ್ಟಲೆಯ ಹೋರಾಟ ಇದೆ. ಈಗ ಈ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ನೂರಕ್ಕೆ 70 ಸೀಟು, ರಾಜ್ಯದ ಉಳಿದ ಕಡೆ 8. ನನ್ನ ಶಿಷ್ಯೆಯೊಬ್ಬಳು ಅದರಿಂದಲೇ ಡಾಕ್ಟರ್ ಆಗಿದ್ದಾಳೆ. 2019ರಲ್ಲಿ ಈ ಭಾಗದ ಹೆಸರೂ ಬದಲಾಗಿ ಕಲ್ಯಾಣ ಕರ್ನಾಟಕ ಆಯಿತು. ಕಾನೂನು ಬಂತು ಅಂತ ಕಾವಲುಗಾರ ಮನೆಗೆ ಹೋದರೆ ಖಾಲಿ ಹುದ್ದೆ ಖಾಲಿಯೇ ಉಳಿಯುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು, ಪುಕ್ಕಟೆ. ಬೆಲೆ ಇಷ್ಟು ಇಳಿದಿದ್ದರೂ ಕೊಳ್ಳುವವರು ಕಡಿಮೆ. ಆ ಪಾಠ ಮೂವತ್ತಮೂರು ವರ್ಷ ಹೇಳಿದ ನಾನೇ ನಿವೃತ್ತನಾಗುವವರೆಗೆ ಒಂದು ಗ್ರಾಮಸಭೆಗೂ ಹೋದವನಲ್ಲ.

ತೂಬಿನ ಬಳಿ

ಮಸ್ಕಿ ದಾಟಿ ಸಿಂಧನೂರಿನ ಸೀಮೆ ಹತ್ತಿರವಾದಂತೆ ನೆಲದ ಬಣ್ಣವೇ ಬೇರೆ. ಜೋಳ, ತೊಗರಿ ಹಿಂದೆ ಸರಿದು ಭತ್ತ ಶುರುವಾಗುತ್ತದೆ. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಮಾಡಿದ ಪವಾಡ. ತುಂಗಭದ್ರಾ ಅಣೆಕಟ್ಟಿಗೆ ನಿಜಾಮನ ಸರ್ಕಾರವೂ ಮದ್ರಾಸ್ ಸರ್ಕಾರವೂ ಸೇರಿ 1945ರ ಫೆಬ್ರವರಿ 28ಕ್ಕೆ ಅಡಿಗಲ್ಲು ಹಾಕಿದವು. ನೀರು ನಿಂತದ್ದು 1953ರಲ್ಲಿ, ಸ್ವತಂತ್ರ ಭಾರತದಲ್ಲಿ. ಆ ನೀರಿನಡಿ ಸುಮಾರು 90 ಹಳ್ಳಿ ಹೋದವು. ಸಿಂಧನೂರಿನ ಅಕ್ಕಿ ಉಣ್ಣುವಾಗ ನಾವು ನೆನೆಯದ ತ್ಯಾಗ ಅದು. ಆ ಹಳ್ಳಿಗಳವರಿಗೆ ಒಂದು ಸೆಪ್ಟೆಂಬರ್ 17 ಇಲ್ಲ.

ಕಾಲುವೆಯ ಕೊನೆಭಾಗದ ರೈತನಿಗೆ ಸ್ವಾತಂತ್ರ್ಯ ಅಂದರೆ ಏನು ಅಂತ ವಿವರಿಸುವುದು ಬೇಡ. ನೀರು ಕಾಗದದ ಪ್ರಕಾರ ಎಲ್ಲರದು, ಹೊಲದ ಪ್ರಕಾರ ಮೇಲಿನವರದು. ಗೇಜು ಎಷ್ಟಿದೆ, ವಾರಾಬಂದಿಯ ಸರದಿ ಯಾವತ್ತು, ಗ್ಯಾಂಗ್‌ಮನ್ ಎಲ್ಲಿದ್ದಾನೆ ಅನ್ನುವುದೇ ಅವನ ದಿನದ ಮಾತು. ಒಂದು ವರ್ಷ ರಾತ್ರಿ ತೂಬು ಕಾಯುವ ಪಾಳಿ ನನ್ನದಿತ್ತು. ಎರಡನೇ ಸಲ ಗೊಬ್ಬರ ಹಾಕಿದ ಗದ್ದೆ, ತೆನೆ ಕಟ್ಟುವ ಹೊತ್ತು. ನೀರು ಚೆನ್ನಾಗಿ ಹರಿಯುತ್ತಿತ್ತು. ಹರಿಯುತ್ತಿರುವುದನ್ನು ಕಾಯುವುದೇನು ಅಂತ ಹನ್ನೊಂದಕ್ಕೆ ಮೋಟರ್ ಸೈಕಲ್ ಏರಿ ಮನೆಗೆ ಬಂದು ಮಲಗಿದೆ. ಬೆಳಿಗ್ಗೆ ನೋಡಿದರೆ ಮೇಲೆ ಯಾರೋ ಮರಳಿನ ಚೀಲ ಒಗೆದು ನೀರು ತಿರುಗಿಸಿದ್ದರು. ನನ್ನದಷ್ಟೇ ಅಲ್ಲ, ನನ್ನ ಕೆಳಗಿನ ಆರು ಜನರ ಗದ್ದೆಯೂ ಒಣಗಿತು. ಪಕ್ಕದ ಹೊಲದ ಕ್ಯಾಂಪಿನ ರೈತ ಬೈಯಲಿಲ್ಲ. ತೆಲುಗು ಬೆರೆತ ತನ್ನ ಕನ್ನಡದಲ್ಲಿ ‘ಮೇಷ್ಟ್ರೇ, ಕಳ್ಳ ಬಂದಾಗ ಕಾಯಕ್ಕಾಗಲ್ಲ. ಬರೋಕೆ ಮುಂಚೆ ಕಾಯಬೇಕು’ ಅಂದ. ಆ ವರ್ಷ ಆರು ಮನೆಗಳಿಗೆ ನಾನು ಮುಖ ತೋರಿಸಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ಲ. ತುಂಬಿ ನಿಂತ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ನಮ್ಮ ಕಡೆ ನಾಟಿ ನಡೆಯುತ್ತಿದ್ದ ಕಾಲ. ಸಿಂಧನೂರಿನ ಚಹಾದಂಗಡಿಗಳಲ್ಲಿ ಬೆಳಗಿನ ಜಾವಕ್ಕೇ ಜನ ಮೊಬೈಲ್ ಹಿಡಿದು ನಿಂತಿದ್ದರು, ಸಾವಿನ ಮನೆಯಲ್ಲಿ ನಿಂತ ಹಾಗೆ. ನೀರಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆಗೆಯಬೇಕಾಯಿತು. ಗೇಟಿನ ತಜ್ಞ ಕನ್ನಯ್ಯ ನಾಯ್ಡು ಮತ್ತು ಕಾರ್ಮಿಕರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಆ ಬಾಯಿ ಮುಚ್ಚಿದರು. 32 ಗೇಟು ನಿಂತೇ ಇದ್ದವು. ಒಂದರ ಚೈನು ಸಾಕಾಯಿತು. 133 ಟಿಎಂಸಿ ಹಿಡಿಯಬೇಕಿದ್ದ ಜಲಾಶಯ ಹೂಳು ತುಂಬಿ 105ಕ್ಕೆ ಇಳಿದಿದ್ದು ಮಾತ್ರ ಒಂದು ರಾತ್ರಿಯಲ್ಲಿ ಆದದ್ದಲ್ಲ. ಅದಕ್ಕೆ ಯಾರೂ ಚಹಾದಂಗಡಿಯಲ್ಲಿ ನಿಲ್ಲಲಿಲ್ಲ. ಸ್ವಾತಂತ್ರ್ಯ ಹೋಗುವುದು ಎರಡೂ ರೀತಿಯಲ್ಲಿ. ಚೈನ್ ಕಡಿದಾಗ ಸದ್ದು ಕೇಳಿಸುತ್ತದೆ, ಹೂಳು ತುಂಬುವಾಗ ಕೇಳಿಸುವುದಿಲ್ಲ.

ಕಾಲೇಜಿನ ಸಭೆಯಲ್ಲಿ ಇಷ್ಟನ್ನೂ ಹೇಳಿದೆ. ಮುಗಿದ ಮೇಲೆ ಆರ್‌ಎಚ್ ಕ್ಯಾಂಪಿನ ಹುಡುಗಿಯೊಬ್ಬಳು ಬಂದಳು. ‘ಸರ್, ನಮ್ಮ ಅಜ್ಜಿ ಊರು ಬಿಡೋವಾಗ ಒಂದು ತಗಡಿನ ಡಬ್ಬಿ ಮಾತ್ರ ತಂದಿದ್ಳಂತ್ರಿ. ಅದರಾಗ ಬರೀ ಕಾಗದ. ಇವತ್ತಿಗೂ ತಲಿದಿಂಬಿನ ಕೆಳಗ ಇಟಗೊಂಡು ಮಲಗತಾಳ್ರಿ’ ಅಂದಳು. ಆ ಡಬ್ಬಿಯೂ ಒಂದು ಹುಡೇವೇ ಅನ್ನಿಸಿತು. ಅವಳಿಗೆ ಹುಡೇವು ಅಂದರೆ ಗೊತ್ತಿರಲಿಲ್ಲ. ವಿವರಿಸಿದೆ. ಹಗೇವಿನ ದೀಪದ ಕತೆಯನ್ನೂ ಹೇಳಿದೆ. ‘ದೀಪ ಆರಿದ್ರ ಎಷ್ಟೊತ್ತು ಕಾಯಬೇಕ್ರಿ?’ ಅಂತ ಕೇಳಿದಳು. ಅದನ್ನು ಅಜ್ಜಿ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಬಸ್ ನಿಲ್ದಾಣಕ್ಕೆ ಬಂದಾಗ ತಮ್ಮನ ಮಗನ ಫೋನು. ‘ದೊಡ್ಡಪ್ಪ, ಇವತ್ತ ರಾತ್ರಿ ತೂಬಿನ ಪಾಳಿ ನಮ್ಮದೈತಿ. ನನಗ ಜ್ವರ.’ ಕೊರಳಿನ ಶಾಲು ಮಡಚಿ ಚೀಲಕ್ಕೆ ಹಾಕಿ, ಎದುರಿನ ಅಂಗಡಿಯಲ್ಲಿ ಒಂದು ಬ್ಯಾಟರಿ ಕೊಂಡೆ. ಲಿಂಗಸುಗೂರಿನ ಬಸ್ಸು ಹೋಗಲು ಬಿಟ್ಟು ಹೊಲದ ಕಡೆಯ ಟಂಟಂ ಹತ್ತಿದೆ.